ಹಿಂದಿನ ಕುರ್ಚಿಯಲ್ಲಿ ಆನೆ

ಮುಂಬಯಿ
ತಾ. ೩೦-೬-೧೯೪೬

ಯಲವಿಗಿ ಸ್ಟೇಶನ್ ಓಣಿಯ ಸರ್ವಾಧಿಕಾರಿಣಿ, ಹಿತ್ತಲಿನ ಎಮ್ಮೆಯಿಂದ ಹಿಡಿದು ಹತ್ತಿ ವ್ಯಾಪಾರಿಯಾದ ಸ್ವಂತ ಮಗ ಚನ್ನವೀರಪ್ಪನವರ ತನಕ ಎಲ್ಲರನ್ನೂ ಒಂದೇ ದನಿಯಲ್ಲಿ ಬೈಯಬಲ್ಲ ನನ್ನ ಆಯಿ ಹಾಲವ್ವನವರ ಸನ್ನಿಧಿಗೆ, ಮೊಮ್ಮಗ ಪರಮೇಶಪ್ಪನ ಬಿನ್ನಹ.

ಎಲ್ಲರೂ ಪತ್ರದ ತಲೆಗೆ ನಮಸ್ಕಾರ ಹಾಕುತ್ತಾರೆ. ನಾನು ಬೇಕಂತಲೇ ಹಾಕಿಲ್ಲ. ಕಾರಣ ನಿನಗೂ ಗೊತ್ತು, ಇದನ್ನು ನಿನಗೆ ಓದಿ ಹೇಳುತ್ತಿರುವ, ಸ್ಟೇಶನ್ನಿನ ತಂತಿ ನೋಡುವ ತಾರು ಮಾಸ್ತರ ಇಸಾಕರಿಗೂ ಗೊತ್ತು. ಆದರೂ ನಡೆದದ್ದನ್ನು ಕೋರ್ಟಿನಲ್ಲಿ ಹೇಳುವ ಹಾಗೆ ಮೊದಲಿನಿಂದ ಹೇಳುತ್ತೇನೆ. ಅರ್ಧ ನಡೆದದ್ದು ಇಲ್ಲಿ, ಅರ್ಧ ಅಲ್ಲಿ. ನಿನ್ನ ಅರ್ಧ ನನಗೆ ತಿಳಿದದ್ದೇ ನಿನ್ನೆ, ಮಾಸ್ತರರ ಪತ್ರ ಬಂದ ಮೇಲೆ.

ಬೆಳಗಾವಿಯಾಚೆ ಮಳೆಗೆ ರೈಲಿನ ಹಳಿ ಕೊಚ್ಚಿಹೋದದ್ದು ನನ್ನ ತಪ್ಪಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ, ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲು ನನ್ನ ಹೆಸರೇ ಬರುತ್ತದೆ. ಶುಕ್ರವಾರದೊಳಗೆ ಬಂದು ಹೆಸರು ಹಚ್ಚದಿದ್ದರೆ ಜಾಗ ಬೇರೆಯವರಿಗೆ ಎಂದು ಕಾಲೇಜಿನವರು ಬರೆದಿದ್ದರು. ಅಪ್ಪ ಹತ್ತಿ ಕಳಿಸುವ ಗಿರಣಿಯ ಯಜಮಾನರ ಸಣ್ಣ ವಿಮಾನ ಬೆಳಗಾವಿಗೆ ಬಂದಿತ್ತು. ಮರಳಿ ಹೋಗುವಾಗ ಅದರಲ್ಲಿ ಒಬ್ಬ ಗುಮಾಸ್ತ, ಹಿಂದಿನ ಕುರ್ಚಿಯ ಮೇಲೆ ಹತ್ತಿಯ ಮಾದರಿ ಚೀಲ, ನಡುವೆ ಒಂದು ಖಾಲಿ ಜಾಗ. ಆ ಜಾಗಕ್ಕೆ ನಾನು.

ಸುದ್ದಿ ಕೇಳಿದಾಗ ನೀನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಹಚ್ಚಿದ ಎಲೆಯನ್ನು ಹಾಗೇ ಕೆಳಗಿಟ್ಟೆ. ಸವಣೂರ ಎಲೆಯನ್ನು ನೀನು ಅರ್ಧಕ್ಕೆ ಬಿಟ್ಟದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ, "ಯವ್ವಾ, ಬರೇ ಮೂರ ತಾಸಿನ ದಾರಿ" ಅಂದರು. ನೀನು, "ಮೂರ ತಾಸು ನೆಲಾ ಬಿಟ್ಟು ಇರೂದನ್ನ ಅವಂಗ ಯಾರ ಕಲಿಸ್ಯಾರ? ಗ್ವಾಡಿ ಹತ್ತಿದ್ರನ ಬೀಳಾಂವ!" ಅಂದೆ. ಆಮೇಲೆ ಎದೆಯ ಲಿಂಗವನ್ನು ಮುಟ್ಟಿಕೊಂಡು, "ಇವಾ ಇಮಾನ ಹತ್ತೂ ದಿನಾ ಮುಂಜಾನಿಂದ, ಇವನ ಕಾಲು ನೆಲಕ್ಕ ಹತ್ತಿದ ಸುದ್ದಿ ಬರೂತನಕ ನಾ ಹನಿ ನೀರ ಮುಟ್ಟಂಗಿಲ್ಲ. ಗುರುವಿನ ಆಣಿ" ಅಂದುಬಿಟ್ಟೆ. ಇಳಿದ ಕೂಡಲೇ ತಾರು ಕಳಿಸುತ್ತಾನೆ ಎಂದು ಅಪ್ಪ ಹೇಳಿದರು. ನೀನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವನ ತಾರು!" ಅಂದೆ. ಅಷ್ಟೇ. ಅಷ್ಟರಲ್ಲಿ ಎಲ್ಲ ಬಂತು.

ನಿನ್ನ ಸಂಶಯಕ್ಕೆ ಆಧಾರವಿದೆ, ಒಪ್ಪುತ್ತೇನೆ. ಹುಣ್ಣಿಮೆಯ ದಿನ ಸವಣೂರ ದರಬಾರಿನ ಆನೆ ನಮ್ಮ ಬಾಗಿಲಿಗೆ ದಯಮಾಡಿಸುತ್ತದೆ ಎಂದು ನವಾಬರ ಹೆಸರಿನಲ್ಲಿ, ಅರಗಿನ ಮುದ್ರೆ ಒತ್ತಿ, ಪತ್ರ ಬರೆದವನು ನಾನೇ. ನೀನು ಒಂದು ಕೊಪ್ಪರಿಗೆ ಅಕ್ಕಿ ಬೆಲ್ಲ ನೆನೆಹಾಕಿ ಸಂಜೆಯ ತನಕ ಕಾದೆ. ಬಂದದ್ದು ನಮ್ಮ ಓಣಿಯ ಗುತ್ತೆಪ್ಪನ ಎಮ್ಮೆ. ಅದೇ ತಿಂದು ಹೋಯಿತು. ಧಾರವಾಡಕ್ಕೆ ಓದಲು ಹೋದ ಮೇಲೆ, ನನ್ನನ್ನು ಒಂದು ಮಠಕ್ಕೆ ಮರಿಸ್ವಾಮಿ ಮಾಡಿದ್ದಾರೆಂದು ಬರೆದೆ. ನೀನು ಮೊಮ್ಮಗನ ಪಾದಕ್ಕೆ ಹಣೆ ಹಚ್ಚಲು ರೈಲು ಹತ್ತಿ ಬಂದಾಗ ಆ ಸ್ವಾಮಿಗಳು ಹಾಸ್ಟೆಲ್ಲಿನ ಕಟ್ಟೆಯ ಮೇಲೆ ಕೂತು ಉಳ್ಳಾಗಡ್ಡಿ ಬಜಿ ತಿನ್ನುತ್ತಿದ್ದರು. ಅಂದಿನಿಂದ ಓಣಿಯಲ್ಲಿ ನಿನ್ನ ಆಜ್ಞೆ ಜಾರಿಯಲ್ಲಿದೆ: "ಪರಮ್ಯಾ ಹಗಲೈತಿ ಅಂದ್ರ ದೀಪಾ ಹಚ್ಚಿಡ್ರಿ."

ಇನ್ನು ವಿಮಾನದ ವಿಷಯ. ಹತ್ತುವ ಮೊದಲು ನನ್ನನ್ನು ತೂಗಿದರು. ನಗಬೇಡ. ಅಪ್ಪನ ಅಂಗಡಿಯಲ್ಲಿ ಹತ್ತಿ ಅಂಡಿಗೆ ತೂಗುವ ಹಾಗೆಯೇ, ಹಲಗೆಯ ಮೇಲೆ ನನ್ನನ್ನು, ಟ್ರಂಕನ್ನು, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟನ್ನು, ರೊಟ್ಟಿಗೆ ಹಚ್ಚಿಕೊಳ್ಳಲು ನೀನು ಕುಟ್ಟಿದ ಖಾರದ ಶೇಂಗಾ ಹಿಂಡಿಯ ಡಬ್ಬಿಯನ್ನು ಒಟ್ಟಿಗೇ ನಿಲ್ಲಿಸಿದರು. ತೂಗುವವನು ಹುಬ್ಬು ಗಂಟಿಕ್ಕಿದ. ಮಳೆಗಾಲದ ಮಾಲು ಸ್ವಾಮಿ, ಹಸಿ ಇರುತ್ತದೆ, ಸ್ವಲ್ಪ ಕಳೆದು ಹಿಡಿಯಿರಿ ಎಂದು ಅಪ್ಪನ ದನಿಯಲ್ಲಿ ಹೇಳುವುದಿತ್ತು, ಹೇಳಲಿಲ್ಲ. ಆಮೇಲೆ ಸದ್ದು ತಡೆಯಲು ಕಿವಿಗೆ ಇಟ್ಟುಕೊಳ್ಳಿರೆಂದು ಹತ್ತಿಯ ಉಂಡೆ ಕೊಟ್ಟರು. ಹಿಂಜಿ ನೋಡಿದೆ. ಎಳೆ ಗಿಡ್ಡ. ನಮ್ಮ ಮಾಲಲ್ಲ ಎಂದು ಅಪ್ಪನಿಗೆ ತಿಳಿಸಬೇಕು.

ಮೇಲೆ ಹೋದ ಮೇಲೆ ಕೆಳಗೆ ನೋಡಬೇಡ ಎಂದು ನೀನು ಹೇಳಿದ್ದೆ. ನಾನು ನೋಡಿದೆ. ಏನೂ ಇರಲಿಲ್ಲ. ಗಿಡವಿಲ್ಲ, ಊರಿಲ್ಲ, ಎತ್ತಿನ ಬಂಡಿ ಇರುವೆಯಾಗಿ ಕಾಣುವುದೂ ಇಲ್ಲ. ಕಿಟಕಿಯ ತುಂಬ ಬರೇ ಮೋಡ. ಸುಣ್ಣ ಬಳಿದ ಗೋಡೆಗೆ ಮೂಗು ಹಚ್ಚಿ ಕೂತ ಹಾಗೆ. ನಮ್ಮ ತಾಲೂಕಿನ ಮೊದಲ ಗಗನಯಾತ್ರಿ ಎಂದು ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಆ ಮಹಾಶಯನಿಗೆ ವರದಿ ಮಾಡಲು ಸಿಕ್ಕದ್ದು ಇಷ್ಟೇ. ಗುಮಾಸ್ತ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ, ನಡುನಡುವೆ ಕಣ್ಣು ತೆರೆದು ನನ್ನ ರೊಟ್ಟಿ ಗಂಟನ್ನು ನೋಡುತ್ತಿದ್ದ.

ಘಟ್ಟದ ಮೇಲೆ ಹೋಗುವಾಗ ವಿಮಾನ ಒಮ್ಮೆ ಕೆಳಗೆ ಬಿತ್ತು. ಬಿತ್ತು ಅಂದರೆ, ಹಗ್ಗ ಹರಿದ ಕೊಡ ಬಾವಿಗೆ ಬೀಳುತ್ತದಲ್ಲ, ಹಾಗೆ. ಹಿಂಡಿಯ ಡಬ್ಬಿ ಮುಚ್ಚಳ ಹಾರಿ ಗುಮಾಸ್ತನ ಬಿಳಿ ಅಂಗಿ ಕೆಂಪಾಯಿತು. ವಿಮಾನ ಮತ್ತೆ ತಾನೇ ಮೇಲಕ್ಕೆದ್ದಿತು. ವಿಮಾನ ನಡೆಸುವ ಸಾಹೇಬ ಹಿಂದೆ ತಿರುಗಿ ಕೂಡ ನೋಡಲಿಲ್ಲ.

ಮುಂಬಯಿಯ ಜುಹೂ ಬಯಲಿನಲ್ಲಿ ಇಳಿದಾಗ ನನ್ನ ಕಾಲು ನೆಲಕ್ಕೆ ಹತ್ತಿದವು. ನೇರ ತಾರು ಆಫೀಸಿಗೆ ಹೋದೆ. ಜನ್ಮದಲ್ಲಿ ಮೊದಲ ಸಲ ಒಂದು ಶುದ್ಧ, ಸಭ್ಯ, ಸತ್ಯವಾದ ವಾಕ್ಯ ಬರೆದೆ: ಗುರುಕೃಪೆಯಿಂದ ಸುಖವಾಗಿ ತಲುಪಿದೆ, ಆಯಿಗೆ ಸಾಷ್ಟಾಂಗ ನಮಸ್ಕಾರ, ದಯಮಾಡಿ ಪ್ರಸಾದ ಸ್ವೀಕರಿಸಬೇಕು. ಕೆಳಗೆ ನನ್ನ ಹೆಸರು. ಬರೆದು ಬಹಳ ದೊಡ್ಡವನಾದೆ ಅನ್ನಿಸಿತು.

ಆ ತಾರನ್ನು ಇಸಾಕ ಮಾಸ್ತರರು ಸಂಜೆ ನಿನ್ನ ಮುಂದೆ ಓದಿದರಂತೆ. ತಾರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಎದುರು ಮನೆಯ ಫಕ್ಕೀರವ್ವ ಅಳಲು ತಯಾರಾಗಿ ಬಂದು ಕೂತಿದ್ದಳಂತೆ. ನೀನು ಪೂರ್ತಿ ಕೇಳಿದೆ. ಇನ್ನೊಮ್ಮೆ ಓದಿಸಿದೆ. ಅವ್ವ ನೀರಿನ ತಂಬಿಗೆ ಮುಂದಿಟ್ಟಳು. ನೀನು ಅದನ್ನು ಸರಿಸಿ ಹೇಳಿದೆಯಂತೆ: "ಪರಮ್ಯಾ ಹುಟ್ಟಿದಾಗಿಂದ ನನಗ ನಮಸ್ಕಾರ ಮಾಡ್ಯಾನೇನ? ದೀಪಾವಳಿಗೆ ಕಾಲ ಬೀಳಾಕ ಬಂದ್ರ ಕಾಲಬೆರಳ ಜಗ್ಗಿ ಓಡ್ತಾನ. ಇದನ್ನ ಯಾರೋ ಮಂದಿ ಬರದಾರ. ಮುದುಕಿ ನೀರ ಕುಡೀಲಿ ಅಂತ ಬರದಾರ. ನನ್ನ ಹುಡುಗಗ ಏನೋ ಆಗೇತಿ."

"ಆಯೀ, ಕೆಳಗ ಅವನ ಹೆಸರ ಐತ್ರಿ" ಅಂದರಂತೆ ಮಾಸ್ತರರು.

"ಹೆಸರಿಗೇನಪಾ! ನವಾಬರ ಹೆಸರ ಇವಾ ಬರದಿದ್ದಿಲ್ಲೇನು?"

ಫಕ್ಕೀರವ್ವ ಅಳಲು ಶುರುಮಾಡಿದಳು. ದಿನಾ ತಾರಿನ ಮೇಲೆ ವ್ಯಾಪಾರ ಮಾಡುವ ಅಪ್ಪನೂ ಆ ಕಾಗದವನ್ನು ಕಂದೀಲಿಗೆ ಹಿಡಿದು ನೋಡಿದರಂತೆ. ಮರುದಿನ ಮುಂಜಾನೆ ನಿನಗೆ ಎದ್ದು ಕೂಡಲು ಆಗಲಿಲ್ಲ. ತುಟಿ ಒಡೆದಿದ್ದವು. ಅವ್ವ ಒದ್ದೆ ಬಟ್ಟೆಯಿಂದ ಒರೆಸಲು ಬಂದರೆ ಬಾಯಿ ಬಿಗಿಹಿಡಿದೆ. ಇದನ್ನು ಮಾಸ್ತರರು ಬರೆದದ್ದು ಒಂದೇ ಸಾಲಿನಲ್ಲಿ. ನಾನೂ ಒಂದೇ ಸಾಲಿನಲ್ಲಿ ಬಿಡುತ್ತೇನೆ.

ಆ ಮುಂಜಾನೆ ನಾನು ಕಾಲೇಜಿನಲ್ಲಿ ಹೆಸರು ಹಚ್ಚಿ, ಗಿರಣಿಯವರು ವ್ಯವಹಾರ ನಡೆಸುವ ಪೇಢಿಗೆ ಬಂದೆ. ಗುಮಾಸ್ತನ ಕೈಯಲ್ಲಿ ಅಪ್ಪನ ತಾರು: ನಿಜ ತಿಳಿಸಿರಿ, ಹುಡುಗನಿಗೆ ಏನಾಗಿದೆ, ತಾಯಿ ನೀರು ಮುಟ್ಟಿಲ್ಲ. ಅವನು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ, ಏನಾಗಿದೆ ಎಂದು ಹುಡುಕುವವನ ಹಾಗೆ.

ನನಗೆ ಕೂಡಲೇ ಅರ್ಥವಾಯಿತು: ಅಷ್ಟು ಸಭ್ಯವಾದ ತಾರು ನನ್ನದೆಂದು ನೀನು ನಂಬಿಲ್ಲ. ನಿನ್ನ ಮೊಮ್ಮಗ ಅಲ್ಲವೆ. ಓಡಿದೆ. ತಾರಿನ ಕಾಗದ ಮುಂದಿಟ್ಟುಕೊಂಡು ಪೆನ್ಸಿಲ್ ಹಿಡಿದೆ. ಆಯಿ, ಒಂದೂ ಚೇಷ್ಟೆ ಹೊಳೆಯಲಿಲ್ಲ. ಊಟ ನಿದ್ದೆ ಬಿಟ್ಟು ಅದನ್ನೇ ಮಾಡಿದವನಿಗೆ, ಬೇಕಾದ ಹೊತ್ತಿನಲ್ಲಿ ಒಂದೂ ಇಲ್ಲ. ಹಿಂದೆ ನಿಂತ ಮಂದಿ ಗೊಣಗಹತ್ತಿದರು. ಆಗ ಬಂತು, ಸವಣೂರಿನಿಂದ, ನಿಧಾನವಾಗಿ, ಅದೇ ಆನೆ. ಬರೆದೆ: ಸಾಹೇಬ ದಣಿದ, ಅರ್ಧ ದಾರಿ ವಿಮಾನ ನಾನೇ ನಡೆಸಿದೆ, ಹಿಂದಿನ ಕುರ್ಚಿಯಲ್ಲಿ ನವಾಬರ ಆನೆ ಇತ್ತು, ಆಯಿಯ ಹಿಂಡಿ ಅದೇ ತಿಂದಿತು, ಇನ್ನೊಂದು ಡಬ್ಬಿ ಕೇಳುತ್ತಿದೆ.

ತಾರು ತೆಗೆದುಕೊಳ್ಳುವವನು ಓದಿ ತಲೆಯೆತ್ತಿದ. ಯುದ್ಧ ಮುಗಿದು ಇನ್ನೂ ವರ್ಷ ತುಂಬಿಲ್ಲ. ಆನೆ ಅಂದರೆ ಏನು, ಹಿಂಡಿ ಅಂದರೆ ಏನು ಎಂದು ಗುಪ್ತ ಸಂಕೇತ ಹಿಡಿದವನ ಗುಮಾನಿಯಿಂದ ಕೇಳಿದ. ಆನೆ ಅಂದರೆ ಆನೆ, ಅಲ್ಲೊಬ್ಬಳು ಮುದುಕಿ ನೀರಿಲ್ಲದೆ ಮಲಗಿದ್ದಾಳೆ, ಬೇಗ ಕಳಿಸಿರಿ ಅಂದೆ. ನನ್ನ ಮುಖ ಹೇಗಿತ್ತೋ, ಕಳಿಸಿದ.

ಮಾಸ್ತರರು ಕೊಡೆ ಇಲ್ಲದೆ ಮಳೆಯಲ್ಲಿ ಓಡಿಬಂದು ಓದಿದರಂತೆ. ಆನೆಯ ತನಕ ನೀನು ಅಲುಗಲಿಲ್ಲ. ಹಿಂಡಿಗೆ ಬಂದಾಗ ಕಣ್ಣು ಬಿಟ್ಟೆ. "ಭಾಡ್ಯಾ ಬದುಕ್ಯಾನ" ಅಂದೆ. "ಒಂದ ತಂಬಿಗಿ ನೀರ ತರ್ರಿ. ಆ ಫಕ್ಕೀರಿಗೆ ಅಳೂದ ಸಾಕ ಅನ್ರಿ." ಸಂಜೆ ಅಪ್ಪನ ತಾರು ನನಗೆ ಮುಟ್ಟಿತು: ತಾಯಿ ನೀರು ಕುಡಿದಳು, ನಿನ್ನನ್ನು ಬೈಯುತ್ತಿದ್ದಾಳೆ. ಅದನ್ನು ಟ್ರಂಕಿನಲ್ಲಿ, ಕಾಲೇಜಿನ ಕಾಗದಗಳ ಮೇಲೆ ಇಟ್ಟಿದ್ದೇನೆ.

ವಿಮಾನ ಬೀಳುವಾಗ ನನಗೆ ಏನು ನೆನಪಾಯಿತು ಎಂದು ನೀನು ಕೇಳಬಹುದು. ಕೊಡ, ಬಾವಿ, ನೀರು, ಒಣಗಿದ ಒಂದು ಬಾಯಿ. ಅದನ್ನು ಬಿಡಿಸಿ ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ವಿಮಾನ ನಾನೇ ನಡೆಸಿದೆ, ಅಷ್ಟೇ.

ದೀಪಾವಳಿಗೆ ರೈಲಿನಲ್ಲಿ ಬರುತ್ತೇನೆ. ರೈಲಿನ ಗಾಲಿ ನೆಲಕ್ಕೆ ಹತ್ತಿಯೇ ಇರುತ್ತವೆ, ಉಪವಾಸದ ಅಗತ್ಯವಿಲ್ಲ. ಕಾಲಬೆರಳು ಸಿದ್ಧವಾಗಿಟ್ಟುಕೋ.

ಈ ಪತ್ರದ ಕೊನೆಗೆ ಕೈ ತಾನಾಗಿಯೇ ನಮಸ್ಕಾರ ಎಂದು ಬರೆದಿತ್ತು. ಗೀಟು ಹೊಡೆದಿದ್ದೇನೆ. ಮಾಸ್ತರ, ಅದು ಕಂಡರೂ ಓದಬೇಡಿರಿ, ಆಯಿ ಮತ್ತೆ ನೀರು ಬಿಟ್ಟಾಳು.

ಹೊಟ್ಟೆ ತುಂಬ ಬೈದು ಹರಸು.

ನಿನ್ನ ಭಾಡ್ಯಾ
ಪರಮ್ಯಾ