ಬಚ್ಚಲ ಕಟ್ಟೆ ಒಡೆಯಬೇಡಿ

ಗದಗ
ಸರ್ವಜಿತ್ ಸಂವತ್ಸರ, ಆಶ್ವಯುಜ ಬಹುಳ ಚತುರ್ದಶಿ, ಬೆಳಗಿನ ಜಾವ
(ನಿಮ್ಮ ಲೆಕ್ಕದಲ್ಲಿ ೨೧೮೭ನೇ ಇಸವಿ)

ಪೂಜ್ಯ ಸುವರ್ಣಾ ಆಯಿಯವರಿಗೆ ಇಳಾಳ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ಹುಡುಗಾಟ ಮಾಡಿದ್ದಾರೆ ಎಂದು ಕಾಗದ ಹರಿದು ಹಾಕಬೇಡಿ. ನಾನು ನಿಮ್ಮ ಮನೆಯ ಸೊಸೆ. ನಿಮ್ಮ ಮರಿಮೊಮ್ಮಗನ ಮರಿಮೊಮ್ಮಗ ಶಿವಯೋಗಿ ನನ್ನ ಗಂಡ. ನೀವಿರುವ ಮನೆಯಲ್ಲೇ ನಾವೂ ಇದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹದಂತೆ ಬರೆಯಲು ಪ್ರಯತ್ನ ಪಟ್ಟಿದ್ದೇನೆ. ನಮ್ಮ ಕಾಲದಲ್ಲಿ ಹಿಂದಂಚೆ ಎಂಬ ಒಂದು ವ್ಯವಸ್ಥೆ ಇದೆ. ಕಳೆದುಹೋದ ಕಾಲದಲ್ಲಿದ್ದವರಿಗೆ ಕಾಗದ ಮುಟ್ಟಿಸುವ ಅಂಚೆ ಅದು. ಒಂದು ಮನೆತನಕ್ಕೆ ಒಂದೇ ಕಾಗದ, ಅದೂ ಒಂದೇ ಸಲ. ನಮ್ಮ ಸರದಿ ಈ ದೀಪಾವಳಿಗೆ ಬಂತು. ಪಕ್ಕದ ಮನೆಯವರು ತಮ್ಮ ಮುತ್ತಜ್ಜನಿಗೆ ಯಾವ ಜಮೀನು ಮಾರಬಾರದು ಎಂದು ಬರೆದರು. ನಾನು ಶವರ್ ವಿಷಯ ಬರೆಯುತ್ತೇನೆ ಎಂದಾಗ ಶಿವಯೋಗಿ ತಲೆ ಚಚ್ಚಿಕೊಂಡರು. "ಹುಚ್ಚು ಹಿಡದೈತೇನು ನಿನಗ? ಇಡೀ ಮನೆತನಕ್ಕ ಇರೋದು ಒಂದ ಕಾಗದ, ಅದನ್ನ ಬಚ್ಚಲಕ್ಕ ಖರ್ಚ ಮಾಡ್ತಿ?" ಎಂದರು. ಹೌದು, ಬಚ್ಚಲಿಗೇ ಖರ್ಚು ಮಾಡುತ್ತೇನೆ ಎಂದೆ. ನಾನು ಒಂದು ಹಟ ಹಿಡಿದರೆ ಬಿಡುವವಳಲ್ಲ ಎಂದು ಅವರಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿದೆ.

ಈ ಕಾಗದವನ್ನು ನಾನು ಬಚ್ಚಲ ಬಾಗಿಲ ಹೊರಗೆ ನೆಲದ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ನನ್ನ ಅತ್ತೆ ರುದ್ರಾಣಿಯವರು ಇದ್ದಾರೆ. ಒಬ್ಬರೇ ಇದ್ದಾರೆ. ಹೋದ ವರ್ಷ ಜಾರಿ ಬಿದ್ದು ಅವರ ಬಲ ಭುಜ ಮುರಿಯಿತು. ಕೂಡಿಕೊಂಡಿತು ನಿಜ, ಆದರೆ ಆ ಕೈ ಎದೆಗಿಂತ ಮೇಲೆ ಏಳುವುದಿಲ್ಲ. ಎಡಗೈಯಲ್ಲಿ ತುಂಬಿದ ತಂಬಿಗೆ ಎತ್ತಿ ತಲೆಗೆ ಹೊಯ್ದುಕೊಳ್ಳುವ ಶಕ್ತಿ ಇಲ್ಲ. ಅಂದಿನಿಂದ ಅವರಿಗೆ ನಾನೇ ಜಳಕ ಮಾಡಿಸುತ್ತಿದ್ದೆ. ಆಯಿ, ಇಡೀ ಓಣಿಯನ್ನು ಬಾಯಿಯಿಂದಲೇ ಆಳಿದ ಹೆಂಗಸು ಅವರು, ನನ್ನ ಎದುರು ಒದ್ದೆ ಸೀರೆಯಲ್ಲಿ ಕಣ್ಣು ಮುಚ್ಚಿ, ಒಂದು ಮಾತಿಲ್ಲದೆ ಕುಳಿತುಬಿಡುತ್ತಿದ್ದರು. ನನ್ನನ್ನು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಬರಬರುತ್ತಾ ಇವತ್ತು ಬೇಡ, ನಾಳೆ ನೋಡೋಣ ಎನ್ನತೊಡಗಿದರು. ಹಬ್ಬ ಹತ್ತಿರ ಬಂದಾಗ, "ಈ ವರ್ಷ ನನಗ ಎಣ್ಣಿ ಜಳಕ ಬ್ಯಾಡ. ನೀವೆಲ್ಲಾ ಮಾಡ್ಕೋರಿ" ಎಂದುಬಿಟ್ಟರು. ನರಕ ಚತುರ್ದಶಿಯ ದಿನ ಅತ್ತೆ ಬಾಗಿಲು ಹಾಕಿಕೊಂಡು, ಯಾರ ಹಂಗೂ ಇಲ್ಲದೆ, ತಮ್ಮ ಜಳಕ ತಾವೇ ಮಾಡಬೇಕು ಎಂದು ಅಂದೇ ನಿರ್ಧರಿಸಿದೆ. ಅದಕ್ಕೆ ಶವರ್ ಬೇಕಿತ್ತು.

ನಮ್ಮ ನೀರಿನ ಸಂಗತಿ ಸ್ವಲ್ಪ ಹೇಳಬೇಕು. ಊರ ಹೊರಗಿನ ಎತ್ತರದ ಕಟ್ಟಡಗಳಿಗೆ ಬರುವುದು ಒತ್ತುನೀರು. ಯಂತ್ರ ತಳ್ಳಿ ಕಳಿಸುವ ನೀರು, ನಲ್ಲಿ ತಿರುಗಿಸಿದರೆ ಗೋಡೆಗೆ ಹೋಗಿ ಬಡಿಯುತ್ತದೆ. ನಮ್ಮಂಥ ಹಳೆಯ ಓಣಿಗಳಲ್ಲಿರುವುದು ಇಳಿನೀರು. ಬೆಳಗ್ಗೆ ಓಣಿಯ ನಲ್ಲಿಯಿಂದ ಹಂಡೆ ತುಂಬಿಸಿಕೊಳ್ಳಬೇಕು, ಹಂಡೆ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಅದರ ಜೋರು. ಚಾವಣಿಗಳ ಮೇಲೆಲ್ಲ ಈಗ ಬಿಸಿಲುಹಾಸು ಇದೆ. ಬಿಸಿಲಿನಿಂದ ಕರೆಂಟು ಮಾಡುವ ಚಾಪೆ ಅದು. ಆದ್ದರಿಂದ ನಿಮ್ಮ ಕಾಲದ ಕಪ್ಪು ಟ್ಯಾಂಕ್‌ಗಳು ಹೋಗಿ ಹಂಡೆಗಳು ಮತ್ತೆ ಬಚ್ಚಲಿಗೆ ಇಳಿದಿವೆ. ನಿಮ್ಮ ಬಚ್ಚಲಲ್ಲಿರುವ ಸೊಂಟಕ್ಕಿಂತ ತುಸು ಎತ್ತರದ ಕಲ್ಲುಕಟ್ಟೆಯ ಮೇಲೆಯೇ ನಮ್ಮ ಎರಡು ಹಂಡೆ ಕುಳಿತಿವೆ. ಒಂದು ಬಿಸಿನೀರಿನದು, ಒಂದು ತಣ್ಣೀರಿನದು. ನೀರಿನಲ್ಲಿ ಉಪ್ಪು ನಿಮ್ಮ ಕಾಲದಷ್ಟೇ ಇದೆ, ತೊಳೆದಿಟ್ಟ ಪಾತ್ರೆಯ ಮೇಲೂ ಬಿಳಿ ಕಟ್ಟುತ್ತದೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಂಗಡಿಗೆ ಹೋಗಿ ಚಂದ ಕಂಡದ್ದನ್ನು ತಂದೆ. ಅದಕ್ಕೆ ಮಂಜುಜಳಕ ಎನ್ನುತ್ತಾರೆ. ಊಟದ ತಟ್ಟೆಯಷ್ಟು ಅಗಲ, ಸೂಜಿಮೊನೆಯಂಥ ತೂತುಗಳು, ಅಂಗಡಿಯಲ್ಲಿ ಅದರ ಕೆಳಗೆ ಕೈ ಹಿಡಿದರೆ ಮಂಜು ಬಿದ್ದಂತಿತ್ತು. ನಿಮ್ಮ ಮನೆಯಲ್ಲಿರುವುದು ಯಾವ ನೀರು ಎಂದು ಅಂಗಡಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವು ತಲೆಯ ಮೇಲೆ ಹಾಕಿಸಿದ್ದ ಕೊಳವೆಗೇ ಅದನ್ನು ಕೂಡಿಸಿ, ಹಂಡೆಯಿಂದ ಕೊಳವೆಗೆ ರಬ್ಬರ್ ಪೈಪು ಹಾಕಿದೆವು. ಹಂಡೆ ಕೆಳಗೆ, ಶವರ್ ಮೇಲೆ. ಒಂದು ಹನಿಯೂ ಬರಲಿಲ್ಲ! ಶವರನ್ನು ಬಿಚ್ಚಿ ಪೈಪಿಗೇ ಸಿಕ್ಕಿಸಿ ಹಂಡೆಯ ಮಟ್ಟಕ್ಕೆ ತಂದಾಗ ನೆಗಡಿಯಾದ ಮೂಗಿನಂತೆ ಸುರಿಯಿತು. ಉಪ್ಪು ಕಟ್ಟಿ ವಾರದೊಳಗೆ ಅದೂ ನಿಂತಿತು. ಅತ್ತೆ ಒಮ್ಮೆ ನೋಡಿ ಹೊರಟುಹೋದರು.

ಆಮೇಲೆ ಶಿವಯೋಗಿ ತಳ್ಳುಗ ತಂದರು. ನೀವು ಪಂಪ್ ಎನ್ನುವ ಯಂತ್ರದ ಮರಿ ಅದು. ಮೊದಲು ತಾವೇ ಪರೀಕ್ಷೆ ಮಾಡುತ್ತೇನೆಂದು ತಲೆತುಂಬ ಸಾಬೂನು ಹಚ್ಚಿಕೊಂಡು ನಿಂತರು. ತಳ್ಳುಗ ಎರಡೂ ಹಂಡೆಗಳನ್ನು ಗಟಗಟನೆ ಕುಡಿದು ಮುಗಿಸಿತು. ನಲ್ಲಿಗೆ ನೀರು ಮತ್ತೆ ಬರುವುದು ಮರುದಿನವೇ. ಗಂಡ ಕಣ್ಣು ಮುಚ್ಚಿಕೊಂಡು, ಗೋಡೆ ಸವರುತ್ತಾ ಹೊರಗೆ ಬಂದು "ಯವ್ವಾ, ಕುಡಿಯೋ ನೀರರ ಕೊಡ" ಎಂದು ಕೂಗಿದಾಗ ಅತ್ತೆ ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ತಳ್ಳುಗ ಅಂಗಡಿಗೆ ವಾಪಸು ಹೋಯಿತು.

ಉಳಿದದ್ದು ಒಂದೇ ದಾರಿ ಎಂದುಕೊಂಡೆವು. ಬಿಸಿಲುಹಾಸು ಒಂದಿಷ್ಟು ಸರಿಸಿ, ನಿಲ್ಲಲು ಜಾಗವಾಗಲೆಂದು ಕಟ್ಟೆ ಒಡೆದು, ಹಂಡೆಗಳನ್ನು ಚಾವಣಿಗೆ ಏರಿಸುವುದು. ಅತ್ತೆ ಬಚ್ಚಲ ಬಾಗಿಲಿಗೆ ಅಡ್ಡ ನಿಂತರು. ನೀರು ತುಂಬುವ ಹಬ್ಬದ ದಿನ ಮನೆಯ ಹಿರಿಯ ಹೆಂಗಸೇ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಅದರ ಕೊರಳಿಗೆ ಕಹಿ ಹಿಂಡ್ಲಿಕಾಯಿಯ ಬಳ್ಳಿ ಕಟ್ಟಬೇಕು. ನಿಮ್ಮಿಂದ ನಡೆದು ಬಂದದ್ದು ಅದು, ನಾವು ಇನ್ನೂ ಬಿಟ್ಟಿಲ್ಲ. "ಕಟ್ಟಿ ಮ್ಯಾಲ ಇದ್ರ ನನ್ನ ಕೈಗೆ ಹಂಡೆ ಎಟಕತೈತಿ. ಮಾಳಗಿ ಮ್ಯಾಲ ಒಯ್ದಿಟ್ರ ನಾ ಏನ್ ಹಾರಿ ಹೋಗಿ ಬಳ್ಳಿ ಕಟ್ಲ್ಯಾ? ಜಳಕ ಹೋತು, ಈಗ ಹಬ್ಬಾನೂ ಕಸಗೋತೀರೇನು?" ಎಂದರು. ಕಟ್ಟೆಗೆ ಯಾರೂ ಕೈ ಹಚ್ಚಲಿಲ್ಲ.

ನನಗೆ ಅಳುವಷ್ಟು ಸಿಟ್ಟು ಬಂದಿತ್ತು. ಎಲ್ಲರ ಮೇಲೂ, ಮುಖ್ಯವಾಗಿ ನಿಮ್ಮ ಮೇಲೆ. ಆ ಕೊಳವೆಯನ್ನು ಅಷ್ಟು ಮೇಲೆ ಏಕೆ ಹಾಕಿಸಿದಿರಿ ಎಂದು ಅದನ್ನು ಕಿತ್ತು, ಹಂಡೆಗೆ ಕೂಡಿಸಿದ್ದ ರಬ್ಬರ್ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಬಚ್ಚಲಲ್ಲಿದ್ದ ಮಣೆಯ ಮೇಲೆ ಕುಸಿದು ಕುಳಿತೆ. ನಿಮಗೆ ಗೊತ್ತಲ್ಲ, ಬಚ್ಚಲ ನೆಲ ಒಂದು ಮೆಟ್ಟಿಲು ಕೆಳಗಿದೆ. ಪೈಪು ನನ್ನ ಜೊತೆ ಕೆಳಗಿಳಿಯಿತು, ಇಳಿದದ್ದೇ ತಡ ನೀರು ಭರ್ರನೆ ನನ್ನ ನೆತ್ತಿಯ ಮೇಲೆ ಸುರಿಯಿತು. ಸೀರೆಯೆಲ್ಲ ತೊಯ್ದು ತೊಪ್ಪೆಯಾಯಿತು. ಅಯ್ಯೋ ನನ್ನ ಬುದ್ಧಿಯೇ ಎಂದು ಅಲ್ಲೇ ಕುಳಿತು ನಕ್ಕೆ. ನಮ್ಮ ಮನೆಯಲ್ಲಿ ಎಲ್ಲರೂ ಮಣೆಯ ಮೇಲೆ ಕುಳಿತೇ ಜಳಕ ಮಾಡುವವರು. ಶವರ್ ಎಂದ ಕೂಡಲೇ ಮಾತ್ರ ಎಲ್ಲರೂ ಎದ್ದು ನಿಂತುಬಿಟ್ಟಿದ್ದೆವು! ಹಂಡೆಯನ್ನು ಏರಿಸುವುದು ಬೇಕಿರಲಿಲ್ಲ. ನಾವು ಕುಳಿತರೆ ಸಾಕಿತ್ತು.

ಆಮೇಲೆ ಅಂಗಡಿಗೆ ಹೋದಾಗ ಚಂದ ನೋಡಲಿಲ್ಲ. ಇಳಿನೀರಿನದು ತೋರಿಸಿ ಎಂದೆ. ಕೈಯಲ್ಲಿ ಹಿಡಿಯುವಂಥದು, ತೂತು ದೊಡ್ಡವು, ಮೆತ್ತನೆಯ ರಬ್ಬರಿನವು. ಉಪ್ಪು ಕಟ್ಟಿದರೂ ಹೆಬ್ಬೆರಳಲ್ಲಿ ತಿಕ್ಕಿದರೆ ಉದುರಿಹೋಗುತ್ತದೆ. ಮಣೆಯ ಮೇಲೆ ಕುಳಿತವರ ತಲೆಗಿಂತ ಗೇಣು ಮೇಲೆ ಗೋಡೆಗೊಂದು ಕೊಂಡಿ ಹೊಡೆದೆವು, ಹಿಡಿಯಲು ಕೈ ಸೋತರೆ ಅಲ್ಲಿ ಸಿಕ್ಕಿಸಬಹುದು. ಬಿಸಿನೀರೂ ತಣ್ಣೀರೂ ಒಂದೇ ಕಟ್ಟೆಯಿಂದ, ಒಂದೇ ಎತ್ತರದಿಂದ ಇಳಿಯುವುದರಿಂದ ಒಂದು ಇನ್ನೊಂದನ್ನು ಹಿಂದಕ್ಕೆ ತಳ್ಳುವುದಿಲ್ಲ, ಮೈ ಸುಡುವ ಭಯವಿಲ್ಲ. ನಲ್ಲಿಯ ಹಿಡಿ ಎಡಗಡೆ. ಬಾಗಿಲ ಚಿಲಕವನ್ನು ಕೆಳಕ್ಕೆ ಇಳಿಸಿ ಹಾಕಿಸಿದ್ದು ಮಾತ್ರ ಅತ್ತೆಯ ಅಪ್ಪಣೆ.

ನಿನ್ನೆ ಸಂಜೆ ಅವರೇ ಬಳ್ಳಿ ಕಟ್ಟಿದರು. ಇವತ್ತು ಆರತಿಯಾದ ಮೇಲೆ ಎಡಗೈಯಿಂದ ತಾವೇ ನೆತ್ತಿಗೆ ಎಣ್ಣೆ ತಟ್ಟಿಕೊಂಡು ಒಳಗೆ ಹೋದರು. ಬೀಳುತ್ತಾರೇನೋ ಎಂದು ನಾನು ಹಿಂದೆಯೇ ಹೋದೆ. "ಯಾರೂ ಬರಬ್ಯಾಡ್ರಿ" ಎಂದು ಬಾಗಿಲು ಹಾಕಿದರು. ಚಿಲಕ ಬಿದ್ದ ಸದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಈಗ ಒಳಗೆ ನೀರು ಬೀಳುತ್ತಿದೆ, ನಿಲ್ಲುತ್ತಿದೆ, ಮತ್ತೆ ಬೀಳುತ್ತಿದೆ. ನಡುವೆ ಸೀಗೆಕಾಯಿ ಕಣ್ಣಿಗೆ ಹೋಯಿತೆಂದು ಯಾರನ್ನೋ ಜೋರಾಗಿ ಬೈದರು. ಬಹುಶಃ ನನ್ನನ್ನೇ. ಬೈಯಲಿ.

ಆಯಿ, ಈಗ ನನ್ನ ಬಿನ್ನಹ. ನಿಮ್ಮ ಹಳೆಯ ಶವರ್ ಕೆಟ್ಟಿದೆ, ಬರುವ ರವಿವಾರ ಹೊಸದು ತರಲು ನೀವು ಹೋಗಲಿದ್ದೀರಿ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ನಿಮಗೂ ತಟ್ಟೆಯಂಥದ್ದೇ ಇಷ್ಟವಾಗುತ್ತದೆ. ತರಬೇಡಿ. ನಿಮ್ಮ ಟ್ಯಾಂಕ್ ಚಾವಣಿಗೆ ಅಂಟಿಕೊಂಡೇ ಕುಳಿತಿದೆ, ಅದರ ನೀರಿಗೆ ಅಷ್ಟು ಜೋರಿಲ್ಲ. ಮೊದಲು ಟ್ಯಾಂಕ್ ಎಲ್ಲಿದೆ, ಶವರ್ ಎಲ್ಲಿರುತ್ತದೆ, ನಡುವೆ ಇಳಿಜಾರು ಎಷ್ಟು ಎಂದು ನೋಡಿ. ನಲ್ಲಿಯ ಕೆಳಗೆ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಆಮೇಲೆ ಅಂಗಡಿಗೆ ಹೋಗಿ. ಗೌಂಡಿ ಬಂದವನು ಈ ಕಟ್ಟೆ ಈಗ ಯಾರಿಗೆ ಬೇಕು ಒಡೆಯೋಣ, ಬಚ್ಚಲ ನೆಲ ಏರಿಸಿ ಸಪಾಟು ಟೈಲ್ಸ್ ಹಾಕೋಣ ಎನ್ನುತ್ತಾನೆ. ಅವನ ಮಾತು ಕೇಳಲೇಬೇಡಿ. ನೀವು ಕೇಳಲಿಲ್ಲ ಎಂಬುದು ನನಗೆ ಗೊತ್ತು, ಕಟ್ಟೆ ಇಲ್ಲೇ ಇದೆ. ಏಕೆ ಕೇಳಲಿಲ್ಲ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಕಾಗದ ನಿಮಗೆ ಮುಟ್ಟಿದ್ದೇ ಕಾರಣ ಎಂದು, ನಮ್ಮ ಸರದಿ ಬಂದಾಗ ನನಗೆ ಹೊಳೆಯಿತು. ಅದಕ್ಕೇ ಜಮೀನು, ಬಂಗಾರ ಎಲ್ಲ ಬಿಟ್ಟು ಇದನ್ನೇ ಬರೆದೆ.

ಬಾಗಿಲು ತೆರೆಯಿತು. ಅತ್ತೆ ನಿಂತಿದ್ದಾರೆ, ಕೂದಲಿಂದ ನೀರು ತೊಟ್ಟಿಕ್ಕುತ್ತಿದೆ, ಮುಖ ಕೆಂಪಾಗಿದೆ. "ಬಾಗಲದಾಗ ಕುಂತ ಏನ್ ಕಾವಲಾ ಕಾಯಾಕತ್ತೀಯೇನು? ಹಂಡ್ಯಾಗ ಇನ್ನೂ ನೀರು ಬಿಸಿ ಅದಾವು. ಏಳು, ಎಣ್ಣಿ ಬಟ್ಟಲಾ ತಗೊಂಡ ಬಾ. ನಿನ್ನ ತಲಿಗೆ ನಾ ಹಚ್ತೀನಿ" ಎನ್ನುತ್ತಿದ್ದಾರೆ.

ಹೋಗುತ್ತೇನೆ ಆಯಿ. ಕಟ್ಟೆ ಒಡೆಯಬೇಡಿ.

ನಿಮ್ಮ ಮನೆಯ ಸೊಸೆ,
ಇಳಾ