ಆಕಾಶದ ಕುಲುಮೆ

ಜೆಜ್ಕಾಜ್ಗನ್,
ಮಾರ್ಚ್ ೧೪

ನನ್ನ ಮುದ್ದು ತಮ್ಮ ಬೆಕ್ಜಾತ್,

ಹೇಗಿದ್ದೀಯ? ಬೈಕೊನೂರಿನಲ್ಲಿ ತಲೆ ಕೆಳಗಾಗಿ ಮಲಗಿಸಿ ತರಬೇತಿ ಕೊಡುತ್ತಿದ್ದಾರಂತೆ. ಇದ್ದಬದ್ದ ಬುದ್ಧಿಯೂ ಮೂಗಿನಿಂದ ಸೋರಿಹೋಗದಿರಲಿ. ಅಮ್ಮನ ಮಂಡಿನೋವು ಇಳಿದಿದೆ. ಮಗ ಬಾಹ್ಯಾಕಾಶದಲ್ಲಿ ಮನೆ ಹೂಡುತ್ತಾನೆಂದು ಬೀದಿಗೆಲ್ಲ ಸಾರಿಕೊಂಡು ಬರುವಷ್ಟು ಕಾಲು ಗಟ್ಟಿಯಾಗಿದೆ.

ಕಳೆದ ವಾರ ನಿಮ್ಮ ಕಂಪನಿಯ ಆಕಾಶ ಕಾರ್ಖಾನೆಯಿಂದ ಇಬ್ಬರು ಇಳಿದರಲ್ಲ, ಅವರು ತಂದ ಲೋಹದ ಗಟ್ಟಿಯನ್ನು ಪರೀಕ್ಷಿಸಲು ನನ್ನನ್ನು ಕರೆದಿದ್ದರು. ಇಷ್ಟು ವರ್ಷ ತಾಮ್ರದ ಕುಲುಮೆಗಳ ಎಂಜಿನಿಯರ್ ಆಗಿದ್ದರೂ ಅಂಥ ಕಸ ನೋಡುವ ಯೋಗ ನನಗೆ ಬಂದಿರಲಿಲ್ಲ. ಹುಲ್ಲುಗಾವಲಿನ ಕೆಸರಿನಲ್ಲಿ ಡೇರೆ ಹಾಕಿ, ಕ್ಯಾಮೆರಾ ನಿಲ್ಲಿಸಿ, ನಿಮ್ಮ ನಿರ್ದೇಶಕ ತಲ್ಗಾತ್ ಅದನ್ನು ಹಸುಗೂಸಿನಂತೆ ಎತ್ತಿ ಹಿಡಿದಿದ್ದ. ನಾನು ಕೊಯ್ಯಿಸಿದೆ. ಒಳಗೆಲ್ಲ ತೂತು, ಥೇಟ್ ಎಣ್ಣೆಯಲ್ಲಿ ಕರಿದ ಬೌರ್ಸಾಕ್ ಹಿಟ್ಟಿನುಂಡೆ. ತೂಕವಿಲ್ಲದ ಜಾಗದಲ್ಲಿ ಕರಗಿದ ಲೋಹದೊಳಗಿನ ಗುಳ್ಳೆ ಮೇಲೆದ್ದು ಹೋಗುವುದಿಲ್ಲ, ಅಲ್ಲಿ ಮೇಲೆ ಎಂಬುದೇ ಇಲ್ಲವಲ್ಲ. "ಇದರಿಂದ ಆಕಾಶದಲ್ಲಿ ಊರು ಕಟ್ತೀರಾ? ಚಹಾದಲ್ಲಿ ಅದ್ದಿ ತಿನ್ನಿ," ಎಂದೆ. "ಅಕ್ಕಾ, ನಿಮಗೆ ಕನಸು ಕಾಣೋಕೆ ಬರಲ್ಲ," ಎಂದು ಹಲ್ಲು ಕಿರಿದ. ಕನಸಂತೆ!

ಇಳಿದವರಲ್ಲಿ ನಿನ್ನ ಸಹಪಾಠಿ ಮಾರ್ಗುಲಾನ್ ಇದ್ದ. ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಅಲ್ಲಿ ಕುಲುಮೆ ಹೊತ್ತಿಸಿದರೆ ಬಿಸಿಯನ್ನು ಒಯ್ಯಲು ಹೊರಗೆ ಗಾಳಿಯಿಲ್ಲ. ಅದನ್ನು ಶೂನ್ಯಕ್ಕೆ ಸೂಸಬೇಕಾದ ಹಲಗೆಗಳನ್ನು ನಿಮ್ಮ ಜಾಣರು ಬೇಕಾದ್ದರ ಅರ್ಧ ಅಳತೆಗೆ ಮಾಡಿ ಕಳಿಸಿದ್ದಾರೆ, ಕಾವೆಲ್ಲ ಒಳಗೇ ಉಳಿಯುತ್ತದೆ. "ಅಕ್ಕಾ, ಬೆವರು ಕೆಳಗಿಳಿಯೋದೇ ಇಲ್ಲ, ಮುಖದ ಮೇಲೇ ಉಂಡೆ ಕಟ್ಟಿ ಕೂರುತ್ತೆ. ಉಸಿರಾಡೋಕೇ ಭಯ ಆಗ್ತಿತ್ತು," ಎಂದು ನನ್ನ ತೋಳು ಹಿಡಿದವನು ಬಿಡಲೇ ಇಲ್ಲ. ತಲ್ಗಾತನಿಗೆ ಹೇಳಿದರೆ, "ಮುಂದಿನ ಹುಡುಗರು ಗಟ್ಟಿಗರು, ತಡ್ಕೋತಾರೆ ಬಿಡಿ," ಎಂದ. ಮುಂದಿನ ಹುಡುಗ ಎಂದರೆ ನೀನು, ದಡ್ಡಾ.

ಅಮ್ಮ ಹರಸಿದ್ದಾಳೆ. ನಾನು ಹರಸುವಂಥದ್ದೇನೂ ನೀನು ಮಾಡಿಲ್ಲ. ಆದರೂ ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ರೌಶಾನ್

ಮತ್ತೊಂದು ಮಾತು. ಕ್ಯಾಮೆರಾದೆದುರು ನಡೆದದ್ದು ಹೂಡಿಕೆದಾರರ ಕಣ್ಣಿಗೂ ಬಿದ್ದಿತು. ನಿನ್ನೆ ತಲ್ಗಾತ್ ಮನೆಗೇ ಬಂದು, ಹಲಗೆಗಳನ್ನು ನೀವೇ ಹೊಸದಾಗಿ ಮಾಡಿಕೊಡಿ ಎಂದು ಗೋಗರೆದ. ಒಪ್ಪಿಕೊಂಡೆ, ಅವು ಸಿದ್ಧವಾಗುವವರೆಗೆ ಯಾರನ್ನೂ ಮೇಲೆ ಕಳಿಸಬಾರದೆಂಬ ಷರತ್ತಿನ ಮೇಲೆ. ಎರಡು ವರ್ಷವಾದರೂ ಬೇಕು. ಅಷ್ಟರಲ್ಲಿ ನಿನ್ನ ವಯಸ್ಸು ಅವರ ಮಿತಿ ದಾಟಿರುತ್ತದೆ. ಗೊತ್ತಿದ್ದೇ ಮಾಡಿದೆ. ಬೈಯುವುದಿದ್ದರೆ ಮನೆಗೆ ಬಂದು ಬೈ.