ನಗುವ ಮುಖದ ಮೇಲೆ ಬೆರಳು

ಮಾರ್ಚ್ ೯, ಭಾನುವಾರ

ನನ್ನ ಮುದ್ದಿನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ಮಂಡಿಯೊಂದನ್ನು ಬಿಟ್ಟರೆ ನಾನು ಕ್ಷೇಮ. ಉತ್ತರ ತಡವಾಯಿತು, ಎಷ್ಟು ಬೇಕಾದರೂ ಬೈದುಕೋ. ಮಕ್ಕಳ ವಾರ್ಡಿನಲ್ಲಿ ಈ ವಾರ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಅಪೆಂಡಿಕ್ಸ್ ಆಪರೇಷನ್ ಆದ ಪುಟ್ಟ ಹುಡುಗಿಯೊಬ್ಬಳು ಬಂದಿದ್ದಾಳೆ. ನೋವು ಎಷ್ಟಿದೆ ಎಂದು ತಿಳಿಯಲು ನಮ್ಮಲ್ಲಿ ಮುಖಗಳ ಚಿತ್ರವಿದೆ, ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ. ಮಗು ಬೆರಳಿಟ್ಟು ತೋರಿಸಬೇಕು. ಇವಳು ಪ್ರತಿ ಸಲವೂ ನಗುವ ಮುಖವನ್ನೇ ತೋರಿಸಿದಳು. ಪಕ್ಕದ ಹಾಸಿಗೆಯ ಮಹಾರಾಯ ಥರ್ಮಾಮೀಟರ್ ಕಂಡರೂ ಸೂರು ಹಾರಿಹೋಗುವಂತೆ ಕಿರುಚಿ, ಮರುಕ್ಷಣವೇ ಬಿಸ್ಕತ್ತು ಕೇಳುತ್ತಾನೆ. ಯಾರನ್ನು ನಂಬಲಿ? ಇಷ್ಟು ವರ್ಷದ ಅನುಭವ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಯಿತು ಅನ್ನಿಸಿತು.

ಡಾಕ್ಟರು ಬಂದು ನೋಡಿ, ಮಗು ಆರಾಮಾಗಿ ನಿದ್ದೆ ಮಾಡುತ್ತಿದೆಯಲ್ಲ ಎಂದರು. ಅವಳ ಅಜ್ಜಿ, ನಮ್ಮ ಹುಡುಗಿ ಮೊದಲಿನಿಂದಲೂ ಬಾಯಿ ಸತ್ತವಳು ಎಂದರು. ನನಗೋ ಸಮಾಧಾನವಿಲ್ಲ. ನಿದ್ದೆ ಹೋದ ಮಗು ಹೊರಳುತ್ತದೆ. ಇವಳು ಕಾಲು ಮಡಚಿ ಕೊರಡಿನಂತೆ ಬಿಗಿದುಕೊಂಡಿದ್ದಳು. ಬೊಂಬೆಯನ್ನು ಹಾಸಿಗೆಯ ತುದಿಯಲ್ಲಿಟ್ಟೆ. ಕಣ್ಣು ಅತ್ತ ಹೋಯಿತು, ಕೈ ಹೋಗಲಿಲ್ಲ. ಕೆಮ್ಮು ಬಂದರೆ ಅದನ್ನೂ ನುಂಗಿಕೊಂಡಳು.

ಪಕ್ಕದಲ್ಲಿ ಕೂತು, ಯಾವಾಗಲೂ ನಗುವ ಮುಖವೇ ಯಾಕಮ್ಮ ಎಂದು ಕೇಳಿದೆ. ಬಾಗಿಲ ಕಡೆ ನೋಡಿಕೊಂಡು ಪಿಸುಗುಟ್ಟಿದಳು.

"ಅಳೋದನ್ನ ತೋರಿಸಿದ್ರೆ ನೀವು ಸೂಜಿ ಚುಚ್ತೀರಲ್ಲ."

ಕೈಗೆ ಆಗಲೇ ಹಾಕಿರುವ ನಳಿಕೆಯಲ್ಲೇ ಔಷಧಿ ಬಿಡುತ್ತೇವೆ, ಮತ್ತೆ ಚುಚ್ಚುವುದಿಲ್ಲ ಎಂದು ತೋರಿಸಿಕೊಟ್ಟೆ. ಡಾಕ್ಟರಿಗೆ ಹೇಳಿ ನೋವಿನ ಔಷಧಿ ಬರೆಸಿಕೊಂಡು ಕೊಟ್ಟೆ. ಸ್ವಲ್ಪ ಹೊತ್ತಿಗೆ ಕಾಲು ಚಾಚಿ ಬೊಂಬೆಯ ಕೂದಲು ಕೀಳುತ್ತಿದ್ದಳು. ಖುಷಿಯಾಯಿತು ನಿಜ. ಆದರೆ ಹೀಗೆ ಎಷ್ಟು ಮಕ್ಕಳು ನೋವು ನುಂಗಿಕೊಂಡು ನನ್ನೆದುರೇ ಮಲಗಿದ್ದರೋ ಎಂದು ತಲೆ ಕೆಟ್ಟುಹೋಗಿದೆ. ಕಣ್ಣನ್ನು ನಂಬಲೋ, ಅವರು ಹೇಳುವ ಮಾತನ್ನು ನಂಬಲೋ, ನನಗೇ ಗೊತ್ತಾಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ತಣ್ಣಗೆ ಬಾಳು.

ನಿನ್ನ ಹೆತ್ತವಳು,
ಅಮ್ಮ

ತಾ.ಕ.: ಹೋದ ತಿಂಗಳು ನೀನು ಬಂದಾಗ ತಬ್ಬಿಕೊಂಡೆನಲ್ಲ, ನಿನ್ನ ಎಡಗೈ ಮೇಲೇಳಲಿಲ್ಲ. ಬಚ್ಚಲಲ್ಲಿ ಜಾರಿಬಿದ್ದೆ ಎಂದು ನೀನು ನಕ್ಕೆ. ಹೇಳಿದರೆ ಅಮ್ಮ ಬಂದು ಅಳಿಯನ ಜೊತೆ ಜಗಳ ತೆಗೆಯುತ್ತಾಳೆ ಎಂಬ ಹೆದರಿಕೆಯೇ? ನೀನು ಬಾ ಎನ್ನುವವರೆಗೆ ಬರುವುದಿಲ್ಲ, ನಿನ್ನಾಣೆ. ಈ ಕಾಗದವನ್ನು ಮನೆಗಲ್ಲ, ನಿನ್ನ ಆಫೀಸಿಗೆ ಕಳಿಸುತ್ತಿದ್ದೇನೆ. ಎಲ್ಲಿ ನೋವು ಎಂದು ಅಷ್ಟೇ ಹೇಳು, ಮಗಳೇ.